ಹಳೆಯ ರೆಕಾರ್ಡಿನ ಪಿಯಾನೊ ನಾದ ಮನೆಯ ಸ್ಟುಡಿಯೊದಲ್ಲಿ

1960ರ ದಶಕದ ಪಾಪ್ ರೆಕಾರ್ಡುಗಳಲ್ಲಿ ಕೇಳುವ ಗಡುಸಾದ, ತುಸು ಶ್ರುತಿ ಜಾರಿದ ಪಿಯಾನೊ ನಾದ ಬೇಕೆಂದು ಹೊರಟವರು ಸಾಮಾನ್ಯವಾಗಿ ನುಣುಪಾದ ಗ್ರ್ಯಾಂಡ್ ಪಿಯಾನೊ ಧ್ವನಿಯೊಂದನ್ನು ಆರಿಸಿ, ಅದರ ಮೇಲೆ ಟೇಪಿನ ಹಿಸ್ ಸದ್ದು, ರೆಕಾರ್ಡಿನ ಚಟಪಟ ಸುರಿಯುತ್ತಾರೆ. ಕೊನೆಗೆ ಸಿಗುವುದು ಕೊಳೆಯಾದ ಗ್ರ್ಯಾಂಡ್ ಪಿಯಾನೊ ಅಷ್ಟೇ. ಲಂಡನ್ನಿನ ಅಬ್ಬೀ ರೋಡ್ ಸ್ಟುಡಿಯೊದಲ್ಲಿ 'ಮಿಸೆಸ್ ಮಿಲ್ಸ್' ಎಂದೇ ಹೆಸರಾದ 1905ರ ಸ್ಟೈನ್‌ವೇ ಅಪ್‌ರೈಟ್ (ತಂತಿಗಳು ನೆಟ್ಟಗೆ ನಿಂತ ಪಿಯಾನೊ) ಇದೆ. ಅದರ ತಂತಿಗೆ ಬಡಿಯುವ ಸುತ್ತಿಗೆಗಳ ಫೆಲ್ಟಿಗೆ, ಅಂದರೆ ಒತ್ತಿದ ಉಣ್ಣೆಯ ಹೊದಿಕೆಗೆ, ಲ್ಯಾಕರ್ ಎಂಬ ವಾರ್ನಿಷ್ ಕುಡಿಸಿ ಗಟ್ಟಿ ಮಾಡಿದ್ದಾರೆ. ಶ್ರುತಿಯನ್ನೂ ಬೇಕೆಂದೇ ಕೊಂಚ ಸಡಿಲ ಬಿಟ್ಟಿದ್ದಾರೆ. ಆ ನಾದದ ಬಹುಪಾಲು ಮೈಕಿಗೆ ತಲುಪುವ ಮೊದಲೇ ತಯಾರಾಗಿರುತ್ತದೆ.

ಹಾಗಾಗಿ ಮೊದಲು ವಾದ್ಯ. ಗ್ರ್ಯಾಂಡ್ ಬೇಡ, ಅಪ್‌ರೈಟ್ ಇರಲಿ. ಸುತ್ತಿಗೆಗಳಿಗೆ ಡ್ರಾಯಿಂಗ್ ಪಿನ್ ಚುಚ್ಚುವ ಅಡ್ಡದಾರಿ ಮಾತ್ರ ಖಂಡಿತ ಬೇಡ: ಪಿನ್ ಫೆಲ್ಟನ್ನು ಹರಿಯುತ್ತದೆ, ಕಳಚಿ ಒಳಗೆ ಬೀಳುತ್ತದೆ, ತಂತಿಯನ್ನೂ ಕೆಡಿಸುತ್ತದೆ. ಲ್ಯಾಕರ್ ಹಾಕುವುದಾದರೆ ಅದು ಪಿಯಾನೊ ತಂತ್ರಜ್ಞರ ಕೈಯಲ್ಲೇ ಆಗಲಿ. ಹೆಚ್ಚಾದರೆ ಸೂಜಿಯಿಂದ ಫೆಲ್ಟನ್ನು ಮತ್ತೆ ಸಡಿಲಿಸುವ ಕೆಲಸ ಬೀಳುತ್ತದೆ.

ಎಲ್ಲರೂ ಎಡವುವುದು ಶ್ರುತಿ ಜಾರಿಸುವಾಗ. ಪಿಯಾನೊದ ನಡು ಮತ್ತು ಮೇಲಿನ ಸ್ವರಗಳಿಗೆ ತಲಾ ಮೂರು ತಂತಿ. ಇಡೀ ಸ್ವರವನ್ನೇ ಇಳಿಸಿದರೆ ವಾದ್ಯ ಬೇಸುರಾಗುತ್ತದೆ, ಹಳೆಯದಾಗುವುದಿಲ್ಲ. ಮೂರರಲ್ಲಿ ಒಂದನ್ನಷ್ಟೇ ಸರಿಸಬೇಕು. ಮೊದಲು ಪಿಯಾನೊ ಪೂರ್ತಿ ಸರಿಯಾಗಿ ಶ್ರುತಿಯಾಗಿರಲಿ. ನಂತರ ಎಡ ತಂತಿಗೆ ಫೆಲ್ಟ್ ಬೆಣೆ ಸಿಕ್ಕಿಸಿ, ನಡು ಮತ್ತು ಬಲ ತಂತಿಗಳನ್ನು ಒಟ್ಟಿಗೆ ನುಡಿಸಿ. ಬಲ ತಂತಿಯನ್ನು ಇಳಿಸುತ್ತ ಹೋದಂತೆ ನಾದ ಅಲೆಯಲೆಯಾಗಿ ಏರಿಳಿಯತೊಡಗುತ್ತದೆ. ಬೇಕಾದುದಕ್ಕಿಂತ ಕೂದಲೆಳೆಯಷ್ಟು ಕೆಳಗಿಳಿಸಿ, ಮತ್ತೆ ಮೇಲಕ್ಕೆ ತಂದು ನಿಲ್ಲಿಸಿ. ಇಳಿಸಿದಲ್ಲೇ ಬಿಟ್ಟರೆ ತಂತಿ ಸುತ್ತಿದ ಟ್ಯೂನಿಂಗ್ ಪಿನ್ ಕೂರುವುದಿಲ್ಲ, ಶ್ರುತಿ ತಾನಾಗಿ ಜಾರುತ್ತದೆ.

ಎಷ್ಟು ಇಳಿಸಬೇಕು? ಎಲ್ಲ ಸ್ವರಕ್ಕೂ ಒಂದೇ ಅಳತೆ ಹಿಡಿಯುವುದು ದೊಡ್ಡ ತಪ್ಪು. ಸೆಮಿಟೋನಿನ (ಪಕ್ಕಪಕ್ಕದ ಎರಡು ಸ್ವರಗಳ ಅಂತರ) ನೂರನೇ ಒಂದು ಭಾಗ ಒಂದು ಸೆಂಟ್. 440 ಹರ್ಟ್ಸ್‌ನ ಸ್ವರದಲ್ಲಿ 4 ಸೆಂಟ್ ಇಳಿಸಿದರೆ ಸೆಕೆಂಡಿಗೆ ಸುಮಾರು ಒಂದು ಅಲೆ. ಅದೇ 4 ಸೆಂಟ್ ಒಂದು ಆಕ್ಟೇವ್ (ಸ್ಥಾಯಿ) ಮೇಲೆ ಎರಡು ಅಲೆಯಾಗುತ್ತದೆ, ಒಂದು ಆಕ್ಟೇವ್ ಕೆಳಗೆ ಅರ್ಧ. ಹೀಗಾಗಿ ಮೇಲಿನ ಸ್ವರಗಳು ನಡುಗುತ್ತವೆ, ಕೆಳಗಿನವು ಅಲುಗುವುದೇ ಇಲ್ಲ. ಮಧ್ಯದಲ್ಲಿ 4, ಮೇಲಿನ ಆಕ್ಟೇವಿನಲ್ಲಿ 3, ಕೆಳಗಿನದರಲ್ಲಿ 6 ಸೆಂಟ್‌ನಿಂದ ಆರಂಭಿಸಿ, ಕಿವಿಯಿಂದ ಅಲೆ ಎಣಿಸಿ ಮುಗಿಸಿ. ಅಕ್ಕಪಕ್ಕದ ಸ್ವರಗಳಲ್ಲಿ ಅಲೆ ಸ್ವಲ್ಪ ಬೇರೆಬೇರೆ ಇದ್ದರೆ ಇನ್ನೂ ಒಳ್ಳೆಯದು. ಒಂಟಿ ತಂತಿಯ ಮಂದ್ರ ಸ್ವರಗಳನ್ನು ಮುಟ್ಟಬೇಡಿ.

ಸಾಫ್ಟ್‌ವೇರ್ ಪಿಯಾನೊ ಆದರೆ ಅದೇ ಮಿಡಿಯನ್ನು (ಯಾವ ಸ್ವರ ಯಾವಾಗ ನುಡಿಯಬೇಕೆಂಬ ದಾಖಲೆ) ಎರಡನೇ ಟ್ರ್ಯಾಕಿಗೆ ನಕಲಿಸಿ, ಸ್ವರಗಳನ್ನು ಒಂದು ಸೆಮಿಟೋನ್ ಮೇಲೆತ್ತಿ, ವಾದ್ಯದ ಟ್ಯೂನಿಂಗನ್ನು 104 ಸೆಂಟ್ ಇಳಿಸಿ. ಈಗ ನುಡಿಯುವುದು ಪಕ್ಕದ ಸ್ವರದ ಸ್ಯಾಂಪಲ್, ಅಂದರೆ ಮೊದಲೇ ಮುದ್ರಿಸಿಟ್ಟ ಧ್ವನಿ. ಒಂದೇ ಸ್ಯಾಂಪಲ್ ಎರಡು ಸಲ ಕೂಡಿ ನಾದ ಪೊಳ್ಳಾಗುವುದು ತಪ್ಪುತ್ತದೆ. ಪ್ರತಿ ಸ್ವರಕ್ಕೂ ಪ್ರತ್ಯೇಕ ಸ್ಯಾಂಪಲ್ ಇಲ್ಲದ ಅಗ್ಗದ ಲೈಬ್ರರಿಗಳಲ್ಲಿ ಈ ಉಪಾಯ ನಡೆಯದು. ನಕಲು ಟ್ರ್ಯಾಕ್ 8ರಿಂದ 10 ಡೆಸಿಬೆಲ್ ಕೆಳಗಿರಲಿ. ಸಮನಾಗಿಟ್ಟರೆ ನಾದ ಆಗಾಗ ಅಡಗಿಹೋಗುತ್ತದೆ.

ಮೈಕ್ ಒಂದೇ ಸಾಕು. ಪಿಯಾನೊದ ಮುಂಬದಿಯ ಮೇಲಿನ ಹಲಗೆ ತೆಗೆದು, ಸುತ್ತಿಗೆಗಳಿಂದ 30–40 ಸೆಂಟಿಮೀಟರ್ ದೂರದಲ್ಲಿ, ನಡುವಿನಿಂದ ತುಸು ಬಲಕ್ಕೆ ನಿಲ್ಲಿಸಿ. ಸ್ಟೀರಿಯೊದಲ್ಲಿ ಈ ನಾದ ತೆಳುವಾಗುತ್ತದೆ. ಮೊನೊ ಬಿಟ್ಟು ಬೇರೆ ಯೋಚನೆಯೇ ಬೇಡ.

ಕಂಪ್ರೆಸರಿಗೆ (ಜೋರಾದ ಸದ್ದನ್ನು ತಗ್ಗಿಸುವ ಸಾಧನ) ಮೊದಲೇ 100 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ, 300ರ ಸುತ್ತ 3 ಡೆಸಿಬೆಲ್ ತಗ್ಗಿಸಿ. ಇದನ್ನು ಬಿಟ್ಟರೆ ಎಡಗೈಯ ಪ್ರತಿ ಏಟಿಗೂ ಬಲಗೈ ಮುಳುಗುತ್ತದೆ. ಕಂಪ್ರೆಸರಿನ ಅನುಪಾತ 4:1, ಅಟ್ಯಾಕ್ (ತಗ್ಗಿಸಲು ತೊಡಗುವ ಸಮಯ) 15–20 ಮಿಲಿಸೆಕೆಂಡ್, 6ರಿಂದ 10 ಡೆಸಿಬೆಲ್ ಇಳಿಕೆ. ಅಟ್ಯಾಕ್ ಇದಕ್ಕಿಂತ ಚುರುಕಾದರೆ ಸುತ್ತಿಗೆಯ ಏಟೇ ಮಾಯ. ರಿಲೀಸನ್ನು (ತಗ್ಗಿಸುವುದನ್ನು ಬಿಡುವ ಸಮಯ) ಹಾಡಿನ ಲಯಕ್ಕೆ ಹೊಂದಿಸಿ: ಮುಂದಿನ ಬಡಿತ ಬರುವಷ್ಟರಲ್ಲಿ ಮೀಟರಿನ ಸೂಜಿ ಹಿಂದಿರುಗಿರಬೇಕು. ಆಮೇಲೆ 2 ಕಿಲೋಹರ್ಟ್ಸ್ ಸುತ್ತ ಅಗಲವಾಗಿ 3 ಡೆಸಿಬೆಲ್ ಏರಿಸಿ, 10 ಕಿಲೋಹರ್ಟ್ಸ್ ಮೇಲಿನದನ್ನು ಕತ್ತರಿಸಿ.

ಟೇಪ್ ಪ್ಲಗಿನ್ (ಟೇಪ್ ರೆಕಾರ್ಡರಿನ ನಾದ ಕೊಡುವ ಸಾಫ್ಟ್‌ವೇರ್) ಹಾಕುವುದಾದರೆ ಸೆಕೆಂಡಿಗೆ 15 ಇಂಚು ವೇಗ ಇಟ್ಟು, ಹಿಸ್ ಗುಂಡಿಯನ್ನು ಆಫ್ ಮಾಡಿ. ಪ್ಲೇಟ್ ರಿವರ್ಬ್ (ಲೋಹದ ತಗಡಿನ ಅನುರಣನ) ಕೂಡ ಮೊನೊದಲ್ಲೇ, ಒಂದೂವರೆ ಸೆಕೆಂಡ್ ಸಾಕು. ಅದಕ್ಕೆ ಹೋಗುವ ಧ್ವನಿಯಲ್ಲಿ 600 ಹರ್ಟ್ಸ್ ಕೆಳಗಿನದನ್ನು ತೆಗೆದುಬಿಡಿ, ಇಲ್ಲವಾದರೆ ಎಡಗೈ ರಾಡಿಯಾಗುತ್ತದೆ.