ಹಿತ್ತಲಿನ ಕಪ್ಪೆಗಳನ್ನು ಗುರುತಿಸಲು ನಾನು ಕಲಿತ ಬಗೆ

ಮಂಗಳೂರಿನ ಹೊರವಲಯದಲ್ಲಿರುವ ನಮ್ಮ ಮನೆಯ ಹಿತ್ತಲು ದೊಡ್ಡದೇನಲ್ಲ. ಇಪ್ಪತ್ತು ಸೆಂಟ್ಸ್ ಜಾಗದಲ್ಲಿ ಮೂರು ತೆಂಗು, ಒಂದಷ್ಟು ಬಾಳೆ ಮತ್ತು ಕೆಸು, ಮುರಕಲ್ಲಿನ ಆವರಣಗೋಡೆ, ಒಂದು ಬಾವಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲೊಂದು ಸಿಮೆಂಟಿನ ತೊಟ್ಟಿ, ಇಷ್ಟೇ ಇರುವುದು. ಇಷ್ಟರೊಳಗೆ ನಾಲ್ಕು ಮಳೆಗಾಲಗಳಲ್ಲಿ ಆರು ಬಗೆಯ ಕಪ್ಪೆಗಳನ್ನು ಕಂಡಿದ್ದೇನೆ. ಅವುಗಳಲ್ಲಿ ನಾಲ್ಕಕ್ಕೆ ಪ್ರಭೇದದ ಹೆಸರನ್ನು ಬರೆದುಕೊಂಡಿದ್ದೇನೆ. ಉಳಿದ ಎರಡನ್ನು ಕುಲದ ಹೆಸರಿಗೇ ನಿಲ್ಲಿಸಿದ್ದೇನೆ.

ಮೊದಲ ವರ್ಷ ನಾನು ಬಣ್ಣವನ್ನು ನಂಬಿ ಮೋಸಹೋದೆ. ಬಚ್ಚಲುಮನೆಯ ಗೋಡೆಯ ಮೇಲೆ ಒಂದು ದಿನ ಬೂದುಬಣ್ಣದ ಕಪ್ಪೆ, ಮೂರು ದಿನ ಬಿಟ್ಟು ಹಳದಿ ಮಿಶ್ರಿತ ಕಂದಿನದು, ಮತ್ತೊಂದು ರಾತ್ರಿ ಬಹುತೇಕ ಬಿಳಿಚಿಕೊಂಡದ್ದು ಕಾಣಿಸಿದಾಗ ನೋಟುಬುಕ್ಕಿನಲ್ಲಿ ಮೂರು ಪ್ರತ್ಯೇಕ ಪುಟಗಳನ್ನೇ ತೆರೆದಿದ್ದೆ. ನಾಲ್ಕನೆಯ ಸಲ ಫೋಟೊ ತೆಗೆಯುತ್ತಿದ್ದಾಗ ಹಿಂದೆ ನಿಂತಿದ್ದ ಅಮ್ಮ, "ಇದು ಮೊನ್ನೆಯದ್ದೇ ಅಲ್ವಾ ಮಾರಾಯ, ಎಡಗಾಲಿನ ಬೆರಳು ತುಂಡಾದದ್ದು?" ಎಂದರು. ಹಳೆಯ ಚಿತ್ರಗಳನ್ನು ತೆರೆದು ನೋಡಿದರೆ ಮೂರರಲ್ಲೂ ಎಡ ಹಿಂಗಾಲಿನ ಅದೇ ಬೆರಳಿನ ತುದಿ ಇರಲಿಲ್ಲ. ಅದೊಂದೇ ಮರಗಪ್ಪೆ, ಬೆಳಕು ಮತ್ತು ತೇವಕ್ಕೆ ತಕ್ಕಂತೆ ಮೈಬಣ್ಣವನ್ನು ಬದಲಿಸಿಕೊಂಡಿತ್ತು. ಅಂದಿನಿಂದ ಬಣ್ಣವನ್ನು ಬರೆದುಕೊಳ್ಳುತ್ತೇನಾದರೂ ಅದರ ಆಧಾರದ ಮೇಲೆ ಹೆಸರು ಕೊಡುವುದನ್ನು ಬಿಟ್ಟೆ.

ಈಗ ಕಪ್ಪೆ ಕಂಡೊಡನೆ ನಾನು ಮೊದಲು ನೋಡುವುದು ಬೆರಳುಗಳನ್ನು. ಬೆರಳ ತುದಿ ಬಿಲ್ಲೆಯಂತೆ ಅಗಲವಾಗಿದ್ದರೆ ಅದು ಗೋಡೆ ಅಥವಾ ಗಿಡ ಹತ್ತುವ ಕಪ್ಪೆ. ತುದಿ ಚೂಪಾಗಿದ್ದು ಹಿಂಗಾಲಿನ ಬೆರಳುಗಳ ನಡುವೆ ತುದಿಯವರೆಗೂ ಪೊರೆಯಿದ್ದರೆ ನೀರನ್ನು ಬಿಟ್ಟು ದೂರ ಹೋಗದ ಕಪ್ಪೆ ಎಂದು ಊಹಿಸಬಹುದು. ಆಮೇಲೆ ಬೆನ್ನಿನ ಚರ್ಮ ನಯವಾಗಿದೆಯೋ, ಗಂಟುಗಂಟಾಗಿದೆಯೋ, ಉದ್ದುದ್ದ ಮಡಿಕೆಗಳಿಂದ ಕೂಡಿದೆಯೋ ಎಂಬುದನ್ನೂ, ಕಣ್ಣಿನ ಹಿಂದೆ ಕಿವಿತಮಟೆ ಎದ್ದು ಕಾಣುತ್ತದೆಯೋ ಇಲ್ಲವೋ ಎಂಬುದನ್ನೂ, ಕೊನೆಗೆ ತೊಡೆಯ ಹಿಂಭಾಗವನ್ನೂ ನೋಡುತ್ತೇನೆ. ಕುಳಿತ ಕಪ್ಪೆಯಲ್ಲಿ ತೊಡೆಯ ಹಿಂಭಾಗ ಮರೆಯಾಗಿರುವುದರಿಂದ ಇದಕ್ಕೆ ತಾಳ್ಮೆ ಬೇಕು. ನಮ್ಮ ಬಚ್ಚಲಿನ ಮರಗಪ್ಪೆ ಪಾಲಿಪೀಡೇಟಿಸ್ ಮ್ಯಾಕ್ಯುಲೇಟಸ್ ಎಂದು ನನಗೆ ಖಚಿತವಾದದ್ದು, ಅದು ಕಾಲು ಚಾಚಿ ಗೋಡೆಯೇರುವಾಗ ತೊಡೆಯ ಹಿಂದಿನ ಗಾಢ ಹಿನ್ನೆಲೆಯಲ್ಲಿ ದುಂಡನೆಯ ಹಳದಿ ಚುಕ್ಕೆಗಳು ಕಂಡಾಗಲೇ. ಜೂನ್ ಕೊನೆಯಲ್ಲಿ ತೊಟ್ಟಿಯ ಒಳಗೋಡೆಗೆ, ನೀರಿಗಿಂತ ಒಂದು ಗೇಣು ಮೇಲೆ ಅಂಟಿಕೊಂಡಿದ್ದ ಸೋಪಿನ ನೊರೆಯಂಥ ಮುದ್ದೆಯೂ ಅದರದೇ ಗೂಡು. ಅದನ್ನು ಉಜ್ಜಿ ತೊಳೆಯಲು ಹೊರಟಿದ್ದವರನ್ನು ತಡೆದೆ. ಕೆಲವು ದಿನಗಳ ನಂತರ ನೊರೆ ಕರಗಿ, ಗೊದಮೊಟ್ಟೆಗಳು ಒಂದೊಂದಾಗಿ ಕೆಳಗಿನ ನೀರಿಗೆ ಬಿದ್ದವು.

ಕಪ್ಪೆಯನ್ನು ಕೈಯಲ್ಲಿ ಹಿಡಿಯುವುದು ನನಗೆ ಇಷ್ಟವಿಲ್ಲ. ಅದು ಚರ್ಮದ ಮೂಲಕವೂ ಉಸಿರಾಡುವ, ನೀರು ಹೀರುವ ಪ್ರಾಣಿ. ನಮ್ಮ ಕೈಯ ಸೋಪು, ಸೊಳ್ಳೆ ಓಡಿಸುವ ಮುಲಾಮು, ಉಪ್ಪಿನ ಬೆವರು ಎಲ್ಲವೂ ಅದರ ಮೈಗೆ ಇಳಿಯುತ್ತವೆ. ಹೊಟ್ಟೆಯ ಭಾಗವನ್ನು ನೋಡಲೇಬೇಕಾದಾಗ ಬಾವಿನೀರಿನಲ್ಲಿ ತೊಳೆದ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯನ್ನು ಕಪ್ಪೆಯ ಮುಂದಿಟ್ಟು, ಹಿಂದಿನಿಂದ ಒಂದು ಎಲೆಯಿಂದ ಸವರಿದರೆ ತಾನಾಗಿಯೇ ಒಳಗೆ ಜಿಗಿಯುತ್ತದೆ. ಮೇಲಿನಿಂದ, ಪಕ್ಕದಿಂದ, ತಳದಿಂದ ಮೂರು ಚಿತ್ರ ತೆಗೆದು, ಡಬ್ಬಿಗೆ ಅಳತೆಪಟ್ಟಿ ತಾಗಿಸಿ ಉದ್ದ ಗುರುತು ಮಾಡಿಕೊಂಡು, ಐದು ನಿಮಿಷದೊಳಗೆ ಸಿಕ್ಕಿದ ಜಾಗದಲ್ಲೇ ಬಿಡುತ್ತೇನೆ.

ನೆಲಗಪ್ಪೆಯನ್ನು ಗುರುತಿಸುವುದು ಎಲ್ಲಕ್ಕಿಂತ ಸುಲಭ ಎಂದುಕೊಂಡಿದ್ದೆ, ಬೆಳೆದ ನೆಲಗಪ್ಪೆಯ ಮಟ್ಟಿಗೆ ಅದು ನಿಜವೂ ಹೌದು. ಒಣಗಿದ ಚರ್ಮ, ಕಪ್ಪು ತುದಿಯ ಗಂಟುಗಳು, ಕಣ್ಣಿನ ಸುತ್ತ ಕಾಡಿಗೆ ತೀಡಿದಂಥ ಎಲುಬಿನ ಏಣು, ಕಣ್ಣಿನ ಹಿಂದೆ ಉಬ್ಬಿದ ಎರಡು ವಿಷಗ್ರಂಥಿಗಳು: ಇವನ್ನು ಕಂಡರೆ ಡಟ್ಟಾಫ್ರೈನಸ್ ಮೆಲನೋಸ್ಟಿಕ್ಟಸ್ ಎಂದು ಬರೆಯಲು ಹಿಂಜರಿಯಬೇಕಿಲ್ಲ. ಆದರೆ ಆಗಸ್ಟಿನಲ್ಲಿ ಬಾವಿಕಟ್ಟೆಯ ಸುತ್ತ ಉಗುರಿನಷ್ಟೇ ದೊಡ್ಡದಾದ ಕಪ್ಪು ಮರಿಗಳು ಹತ್ತಾರು ಹರಿದಾಡುತ್ತಿದ್ದಾಗ, ಅವುಗಳ ತಲೆಯ ಮೇಲೆ ಆ ಏಣು ಇನ್ನೂ ಮೂಡಿರಲಿಲ್ಲವಾದ್ದರಿಂದ, ನಾನು ಬೇರೆ ಯಾವುದೋ ಪುಟ್ಟ ಕಪ್ಪೆಯೆಂದು ಬರೆದುಕೊಂಡೆ. ಅದಕ್ಕೂ ಕೆಲವು ವಾರ ಮೊದಲು ಅದೇ ಜಾಗದ ನಿಂತ ನೀರಿನಲ್ಲಿ ಕರಿಮಣಿ ಪೋಣಿಸಿದ ಸರದಂಥ ಮೊಟ್ಟೆಗಳ ಉದ್ದನೆಯ ಎಳೆಗಳನ್ನು ಕಂಡದ್ದು ನೆನಪಾದ ಮೇಲೆ ತಿದ್ದಿದೆ. ಮೊಟ್ಟೆಯನ್ನು ಹೀಗೆ ಎಳೆಯಾಗಿ ಇಡುವುದು ಹಿತ್ತಲಿನ ಈ ಆರರಲ್ಲಿ ನೆಲಗಪ್ಪೆ ಮಾತ್ರ.

ಗೂಳಿಗಪ್ಪೆಯನ್ನು, ಅಂದರೆ ಹೋಪ್ಲೊಬ್ಯಾಟ್ರಾಕಸ್ ಟೈಗರಿನಸ್ ಅನ್ನು, ನಮ್ಮ ಆವರಣದಲ್ಲಿ ಕಂಡದ್ದು ಒಂದೇ ಒಂದು ರಾತ್ರಿ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಗೋಡೆಯಾಚೆಗಿನ ಗದ್ದೆಯಲ್ಲಿ ನೀರು ನಿಂತು, ಅಲ್ಲಿಂದ ತೋಡಿನ ಮೂಲಕ ನಾಲ್ಕು ಗಂಡುಗಳು ಒಳಬಂದಿದ್ದವು. ಟಾರ್ಚಿನ ಬೆಳಕಿಗೆ ಅರಿಸಿನ ಬಳಿದಂಥ ಮೈ, ಗಂಟಲಿನ ಎರಡೂ ಬದಿಯಲ್ಲಿ ನೀಲಿ ದನಿಚೀಲಗಳು. ಒಂದು ವಾರದ ಮೇಲೆ ಗದ್ದೆಯ ಬದುವಿನಲ್ಲಿ ಕಂಡ ಗಂಡು ಮತ್ತೆ ಪಾಚಿಬಣ್ಣಕ್ಕೆ ತಿರುಗಿತ್ತು; ಬೆನ್ನಿನುದ್ದಕ್ಕೂ ಸಾಲುಸಾಲಾಗಿದ್ದ ಚರ್ಮದ ಮಡಿಕೆಗಳು ಮಾತ್ರ ಹಾಗೆಯೇ ಇದ್ದವು. ಕಾಲಿನ ಮಾಂಸಕ್ಕಾಗಿ ಈ ಕಪ್ಪೆಗಳನ್ನು ಹಿಡಿದು ಹೊರದೇಶಗಳಿಗೆ ಕಳುಹಿಸುತ್ತಿದ್ದ ಕಾಲವೊಂದಿತ್ತು, 1987ರಲ್ಲಿ ಭಾರತ ಆ ರಫ್ತನ್ನು ನಿಷೇಧಿಸಿತು. ಗದ್ದೆಗಳೇ ಇಲ್ಲವಾದರೆ ಆ ನಿಷೇಧದಿಂದ ಗೂಳಿಗಪ್ಪೆಗೆ ಎಷ್ಟು ಪ್ರಯೋಜನವಾದೀತು ಎಂಬ ಚಿಂತೆ ನನ್ನನ್ನು ಕಾಡುತ್ತದೆ, ಏಕೆಂದರೆ ಆ ಗದ್ದೆಗೆ ಕಳೆದ ವರ್ಷ ಮಣ್ಣು ತುಂಬಿಸಿದರು.

ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬಿದ್ದದ್ದು ಸಣ್ಣಬಾಯಿಯ ಕಪ್ಪೆ. ಬಾಚಣಿಗೆಯ ಹಲ್ಲುಗಳ ಮೇಲೆ ಉಗುರು ಎಳೆದಂಥ ಜೋರಾದ ಸದ್ದು ಬಾಳೆಬುಡದಿಂದ ಬರುತ್ತಿತ್ತು, ಹತ್ತಿರ ಹೋದರೆ ನಿಲ್ಲುತ್ತಿತ್ತು. ಮೊಬೈಲಿನಲ್ಲಿ ದನಿಯನ್ನು ಮುದ್ರಿಸಿ, ಟಾರ್ಚು ಆರಿಸಿ ಹತ್ತು ನಿಮಿಷ ಕುಳಿತ ಮೇಲೆ ಕಂಡದ್ದು ಎರಡು ಸೆಂಟಿಮೀಟರಿಗಿಂತ ತುಸು ಉದ್ದದ ಜೀವಿ: ಚೂಪು ಮೂತಿ, ಕಾಣದ ಕಿವಿತಮಟೆ, ಬೆನ್ನಿನ ಮೇಲೆ ಗಾಳಿಮರದಾಕೃತಿಯ ಕಪ್ಪು ಗುರುತು. ಆ ಗುರುತು ಸ್ಪಷ್ಟವಾಗಿದ್ದುದರಿಂದ ಮೈಕ್ರೊಹೈಲಾ ಆರ್ನೇಟಾ ಎಂದು ಬರೆದೆ. ಆದರೂ ಈ ಕುಲದ ವಿಷಯದಲ್ಲಿ ನಾನು ಅವಸರ ಮಾಡುವುದಿಲ್ಲ. ಮಣಿಪಾಲದ ಮುರಕಲ್ಲಿನ ಬಯಲಿನಿಂದ 2016ರಲ್ಲಿ ಮೈಕ್ರೊಹೈಲಾ ಲ್ಯಾಟರೈಟ್ ಎಂಬ ಹೊಸ ಪ್ರಭೇದವೂ, ನಮ್ಮ ಮಂಗಳೂರು ನಗರದಿಂದಲೇ 2018ರಲ್ಲಿ ಮೈಕ್ರೊಹೈಲಾ ಕೊಡಿಯಾಲ್ ಎಂಬುದೂ ವಿಜ್ಞಾನಕ್ಕೆ ಪರಿಚಯವಾದವು. ಕೊಡಿಯಾಲ್ ಎಂದರೆ ಕೊಂಕಣಿಯಲ್ಲಿ ಮಂಗಳೂರು. ಊರಿನ ನಡುವೆಯೇ ಹೆಸರಿಲ್ಲದ ಕಪ್ಪೆ ಅಷ್ಟು ಕಾಲ ಕೂಗುತ್ತಿತ್ತೆಂದರೆ, ಬಾಳೆಬುಡದ ಪ್ರತಿಯೊಂದು ದನಿಯನ್ನೂ ಮುದ್ರಿಸಿಡುವುದು ಸರಿಯೆಂದು ನನಗನ್ನಿಸಿತು.

ಬಾವಿಯಲ್ಲಿ ಕಣ್ಣುಗಳನ್ನಷ್ಟೇ ಮೇಲಿಟ್ಟು ತೇಲುವ, ಬೆದರಿದರೆ ನೀರಿನ ಮೇಲ್ಮೈಯ ಮೇಲೆಯೇ ಕಲ್ಲು ಚಿಮ್ಮಿದಂತೆ ಜಿಗಿಜಿಗಿದು ಹೋಗುವ ಕಪ್ಪೆ ಯೂಫ್ಲಿಕ್ಟಿಸ್ ಕುಲದ್ದು. ಅದನ್ನು ಎರಡು ವರ್ಷ ಯೂಫ್ಲಿಕ್ಟಿಸ್ ಸೈನೊಫ್ಲಿಕ್ಟಿಸ್ ಎಂದೇ ಬರೆಯುತ್ತಿದ್ದೆ. ಮಂಗಳೂರಿನ ಅಡ್ಯಾರಿನಿಂದ ಅಲೋಯ್ಸಿ, ಮೂಡಿಗೆರೆಯಿಂದ ಮೂಡಿಗೆರೆ ಎಂಬ ಎರಡು ಪ್ರಭೇದಗಳನ್ನು 2009ರಲ್ಲಿ ದೇಹರಚನೆಯ ಜೊತೆಗೆ ಡಿಎನ್‌ಎಯನ್ನೂ ಹೋಲಿಸಿ ಬೇರ್ಪಡಿಸಿದ್ದಾರೆಂದು ತಿಳಿದ ಮೇಲೆ, ಬಾವಿಕಟ್ಟೆಯಿಂದ ಬಗ್ಗಿ ನೋಡಿದ ಮಾತ್ರಕ್ಕೆ ಪ್ರಭೇದ ಹೇಳುವ ಹಕ್ಕು ನನಗಿಲ್ಲವೆಂದು ಎರಡನೆಯ ಪದವನ್ನು ಹೊಡೆದುಹಾಕಿದೆ. ಅಂಗಳದ ಹುಲ್ಲಿನ ಕಂದುಗಪ್ಪೆಗಳದೂ ಇದೇ ಕಥೆ. ಹೊಟ್ಟೆಯ ಎರಡೂ ಬದಿಯಲ್ಲಿ ಹಾದುಹೋಗುವ ಸಣ್ಣ ಗೆರೆಯನ್ನು ಡಬ್ಬಿಯ ತಳದಿಂದ ನೋಡಿ, ಅವು ಗೂಳಿಗಪ್ಪೆಯ ಮರಿಗಳಲ್ಲ, ಮಿನರ್ವರ್ಯ ಕುಲದವು ಎಂದು ಹೇಳಬಲ್ಲೆ. ಆದರೆ ಅವುಗಳಲ್ಲಿ ಎರಡು ಬಗೆಯ ದನಿಗಳಿವೆ: ಒಂದು ಬಿಡಿಬಿಡಿಯಾಗಿ ಬರುತ್ತದೆ, ಮತ್ತೊಂದು ಬೇಗಬೇಗನೆ ಒಂದೇ ಸಮನೆ ಸಾಗುತ್ತದೆ. ಒಂದೇ ಕಪ್ಪೆ ಎರಡನ್ನೂ ಕೂಗುತ್ತದೆಯೋ, ಅಂಗಳದಲ್ಲಿರುವುದು ಎರಡು ಪ್ರಭೇದಗಳೋ ಎಂಬುದನ್ನು ತಿಳಿಯಲು ಈ ಜೂನಿನಲ್ಲಿ ಕೂಗುತ್ತಿರುವ ಕಪ್ಪೆಯನ್ನೇ ವಿಡಿಯೊ ಮಾಡಬೇಕೆಂದಿದ್ದೇನೆ. ನೋಟುಬುಕ್ಕಿನಲ್ಲಿ ಆ ಪುಟದ ಶೀರ್ಷಿಕೆ ಸದ್ಯಕ್ಕೆ "ಮಿನರ್ವರ್ಯ, ದನಿ 1 ಮತ್ತು ದನಿ 2" ಎಂದಿದೆ.