ಭಜನೆ ಮುಗಿದ ಮೇಲೆ ಯಾರ ಹತ್ತಿರ ಹೇಳೋದು?

ಮುಂಬಯಿಯಲ್ಲಿ ನಮ್ಮವರಿಗೆ ಮನಸ್ಸು ಕುಸಿದಾಗ ಮೊದಲು ನೆನಪಾಗುವುದು ಡಾಕ್ಟರಲ್ಲ, ಶನಿವಾರದ ಭಜನೆ. ತಪ್ಪೇನಿಲ್ಲ. ವಾರವಿಡೀ ಹಿಂದಿ, ಮರಾಠಿಯಲ್ಲಿ ಬದುಕುವವರಿಗೆ ತುಳು, ಕನ್ನಡದಲ್ಲಿ ಕಷ್ಟ ಹೇಳಿಕೊಳ್ಳಲು ಇನ್ನೆಲ್ಲಿ ಜಾಗ ಇದೆ? ಆದರೆ ಅಲ್ಲಿ ಸಹಾಯ ಕೇಳಲು ಹೋಗಿ ಎಡವಟ್ಟು ಮಾಡಿಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ. ಅವರಲ್ಲಿ ನಾನೂ ಒಬ್ಬಳು.

ಮೊದಲು ಜಾಗ. ಇದು ಸುಲಭ. ಸಾಂತಾಕ್ರೂಜ್‌ನ ಪೇಜಾವರ ಮಠ, ವಡಾಲದ ರಾಮಮಂದಿರ, ಇಲ್ಲವೇ ನಿಮ್ಮ ಸ್ಟೇಷನ್ ಹತ್ತಿರದ ಯಾವುದೋ ಹಾಲ್‌ನಲ್ಲಿ ಸೇರುವ ಮಂಡಳಿ. ಚಿಕ್ಕದನ್ನೇ ಆರಿಸಿ. ಇಪ್ಪತ್ತು ಜನರಿದ್ದಲ್ಲಿ ನೀವು ಬಾರದಿದ್ದರೆ ಒಬ್ಬರಾದರೂ ವಿಚಾರಿಸುತ್ತಾರೆ.

ಎರಡನೆಯದು ವ್ಯಕ್ತಿ. ಎಲ್ಲರೂ ಜಾರುವುದು ಇಲ್ಲೇ. ನಾನು ಮಂಗಳಾರತಿ ಆದ ತಕ್ಷಣ, ಪಂಚಕಜ್ಜಾಯದ ಸಾಲಿನಲ್ಲಿ ನಿಂತು, ಮುಂದಿದ್ದ ಮಾಮಿಗೆ ಎಲ್ಲ ಹೇಳಿಬಿಟ್ಟೆ. ಲೋಕಲ್ ಮುಲುಂಡ್ ದಾಟುವಷ್ಟರಲ್ಲಿ ಮೂರು ಫೋನ್ ಬಂದವು. ಒಬ್ಬರಿಗೆ ನಾಗದೋಷ ಕಂಡಿತ್ತು, ಇನ್ನೊಬ್ಬರಿಗೆ ನನ್ನ ಗಂಡನ ಕೆಲಸ ಹೋದಂತೆ ಕಂಡಿತ್ತು. ಚರ್ಚಿನಲ್ಲಿ ಪಾಪನಿವೇದನೆ ಕೇಳಿದ ಪಾದ್ರಿ ಬಾಯಿ ಬಿಡುವಂತಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಡಾಕ್ಟರೂ ಗುಟ್ಟು ಕಾಪಾಡಬೇಕು. ಭಜನೆ ಹಾಲ್‌ಗೆ ಅಂಥ ಕಾನೂನು ಯಾವುದೂ ಇಲ್ಲ.

ಹಾಗಾಗಿ ಮೂರ್ನಾಲ್ಕು ವಾರ ಸುಮ್ನೆ ನೋಡಿ. ಬೇರೆಯವರ ಮನೆ ವಿಷಯ ನಿಮ್ಮ ಹತ್ತಿರ ಹೇಳುವವರು, ನಿಮ್ಮದನ್ನೂ ಬೇರೆಯವರ ಹತ್ತಿರ ಹೇಳುತ್ತಾರೆ. ಅಧ್ಯಕ್ಷರು ಬೇಡ, ಮೈಕ್ ಹಿಡಿಯುವವರು ಬೇಡ. ನಾನು ಆರಿಸಿದ್ದು ಕೊನೆಯವರೆಗೂ ಉಳಿದು ಜಮಖಾನ ಮಡಚುತ್ತಿದ್ದ ಒಬ್ಬ ಅಕ್ಕನನ್ನು. ಆ ತುದಿ ಅವರು, ಈ ತುದಿ ನಾನು. ಇಬ್ಬರ ಕೈಯಲ್ಲೂ ಕೆಲಸ ಇದ್ದಾಗ ಮುಖ ನೋಡದೆ ಮಾತಾಡಬಹುದು. ಅತ್ತರೂ ಧೂಳಿನ ನೆಪ ಇರುತ್ತದೆ.

ಏನು ಹೇಳಬೇಕು ಅನ್ನುವುದನ್ನು ಮನೆಯಲ್ಲೇ ಬರೆದುಕೊಂಡು ಹೋಗಿ. "ಯಾಕೋ ಬೇಜಾರು" ಅಂದರೆ "ಎಲ್ಲರಿಗೂ ಇದ್ದದ್ದೇ ಮಾರಾಯ್ತಿ" ಅಂತ ಉತ್ತರ ಬರುತ್ತದೆ, ಮಾತು ಅಲ್ಲಿಗೇ ಮುಗಿಯುತ್ತದೆ. ಹೀಗೆ ಹೇಳಿ: "ಅಕ್ಕ, ಎರಡು ತಿಂಗಳಿಂದ ರಾತ್ರಿ ನಿದ್ರೆ ಇಲ್ಲ. ಒಲೆ ಹಚ್ಚೋಕೂ ಮನಸ್ಸು ಬರ್ತಿಲ್ಲ. ಸೋಮವಾರ ಬೆಳಿಗ್ಗೆ ನನ್ನ ಜೊತೆ ಆಸ್ಪತ್ರೆಗೆ ಬರ್ತೀರಾ?" ಎಷ್ಟು ದಿನದಿಂದ, ಏನು ಆಗುತ್ತಿದೆ, ಏನು ಬೇಕು. ಇಷ್ಟೇ. ಬುದ್ಧಿಮಾತು ಕೇಳಬೇಡಿ, ಅದು ಕೇಳದೆಯೂ ಸಿಗುತ್ತದೆ. ಕೇಳಬೇಕಾದ್ದು ಜೊತೆ.

ಜೊತೆ ಯಾಕೆ ಬೇಕು ಅಂತ ಆಸ್ಪತ್ರೆಗೆ ಹೋದಾಗ ಗೊತ್ತಾಗುತ್ತದೆ. ಪರೇಲ್‌ನ ಕೆಇಎಂ, ಸಯನ್, ನಾಯರ್, ಮೂರೂ ಮಹಾನಗರಪಾಲಿಕೆಯ ಆಸ್ಪತ್ರೆಗಳು, ಮೂರರಲ್ಲೂ ಮನೋವೈದ್ಯ ವಿಭಾಗ ಇದೆ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್, ಅಂದರೆ ಹೆಸರು ನೋಂದಾಯಿಸಿದ ಚೀಟಿ, ಮಾಡಿಸಬೇಕು. ಮನಸ್ಸು ಕುಸಿದವರು ಆ ಸಾಲು ನೋಡಿಯೇ ವಾಪಸ್ ಬರುತ್ತಾರೆ. ಜೊತೆಗಿದ್ದವರು ಸಾಲಿನಲ್ಲಿ ನಿಲ್ಲಲಿ, ನೀವು ಬೆಂಚಿನ ಮೇಲೆ ಕೂತಿರಿ.

ನಡುವೆ ಯಾರಾದರೂ ತಾಯತ, ಮಂತ್ರಿಸಿದ ನೀರು, "ಏಳು ದಿನದಲ್ಲಿ ಮನಶ್ಶಾಂತಿ" ಅನ್ನುವ ಆನ್‌ಲೈನ್ ಕೋರ್ಸು ತೋರಿಸುತ್ತಾರೆ. ದುಡ್ಡು ಕೊಡಬೇಡಿ. ಪ್ರಾರ್ಥನೆ ಮಾಡಿ, ಹರಕೆ ಹೇಳಿಕೊಳ್ಳಿ, ನಾನೂ ಹೇಳಿಕೊಂಡಿದ್ದೆ. ಆದರೆ ವ್ರತ ಅಂತ ಮಾತ್ರೆ ನಿಲ್ಲಿಸಬೇಡಿ. ಖಿನ್ನತೆಯ ಮಾತ್ರೆ ಕೆಲಸ ತೋರಿಸಲು ಸಾಮಾನ್ಯವಾಗಿ 2ರಿಂದ 4 ವಾರ ಬೇಕು, ಅಷ್ಟರೊಳಗೆ "ಇದರಿಂದ ಆಗಲ್ಲ" ಅನ್ನುವವರೇ ಜಾಸ್ತಿ. ಮನಸ್ಸಿನ ವಿಪರೀತ ಏರಿಳಿತಕ್ಕೆ ಕೊಡುವ ಲಿಥಿಯಂ ಮಾತ್ರೆ ತಗೊಳ್ಳುವವರು ನೀರೂ ಕುಡಿಯದೆ ಏಕಾದಶಿ ಮಾಡಿದರೆ ರಕ್ತದಲ್ಲಿ ಅದರ ಪ್ರಮಾಣ ಏರಿ ವಿಷವಾಗಬಹುದು. ಉಪವಾಸಕ್ಕೆ ಮೊದಲು ಭಟ್ಟರನ್ನಲ್ಲ, ಡಾಕ್ಟರನ್ನು ಕೇಳಿ.

ಹೊರಗೆ ಹೋಗಲು ಆಗದ ದಿನಕ್ಕೆ 14416 ಅನ್ನುವ ಫೋನ್ ನಂಬರ್ ಇದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ದಿನದ 24 ಗಂಟೆಯೂ ಉಚಿತ, ಅದರ ಭಾಷೆಗಳಲ್ಲಿ ಕನ್ನಡವೂ ಇದೆ. ಸಾಯುವ ಯೋಚನೆ ಬರುತ್ತಿದ್ದರೆ ಮಾತ್ರ ಶನಿವಾರದವರೆಗೆ ಕಾಯಬೇಡಿ. ಆ ಅಕ್ಕನಿಗೆ ಆಗಲೇ ಫೋನ್ ಮಾಡಿ, ಒಬ್ಬರೇ ಇರಬೇಡಿ, ಹತ್ತಿರದ ಆಸ್ಪತ್ರೆಯ ಕ್ಯಾಶುಯಲ್ಟಿಗೆ ಹೋಗಿ. ಮಂಡಳಿಯವರಿಗೆ ಆಮೇಲೆ ಹೇಳಿದರಾಯಿತು.

ಮಾತ್ರೆ ಶುರುವಾದ ಮೇಲೂ ಭಜನೆ ಬಿಡಬೇಡಿ. ಮೊದಮೊದಲು ತೂಕಡಿಕೆ ಬರಬಹುದು, ಗೋಡೆಗೆ ಒರಗಿ ಕೂತುಕೊಳ್ಳಿ. ಹಾಡಲು ಆಗದಿದ್ದರೆ ತಾಳ ಹಿಡಿಯಿರಿ. ಅದೂ ಬೇಡ ಅನ್ನಿಸಿದರೆ ಮುಗಿಯುವ ಹೊತ್ತಿಗೆ ಹೋಗಿ, ಜಮಖಾನದ ಒಂದು ತುದಿ ಹಿಡಿಯಿರಿ.