ಉಪ್ಪು–ಸಕ್ಕರೆ ದ್ರಾವಣ ತಯಾರಿಸುವ ಕ್ರಮ: ದಿಲೀಪ್ ಮಹಾಲನಬಿಸ್ ತೋರಿಸಿಕೊಟ್ಟ ದಾರಿ

ವಾಂತಿಭೇದಿಯಲ್ಲಿ ದೇಹದಿಂದ ಸೋರಿಹೋದ ನೀರನ್ನೂ ಲವಣವನ್ನೂ ಬೇಗನೆ ತುಂಬಿಕೊಟ್ಟರೆ ಹೆಚ್ಚಿನ ರೋಗಿಗಳು ಬದುಕುಳಿಯುತ್ತಾರೆ. 1971ರಲ್ಲಿ ಪೂರ್ವ ಬಂಗಾಳದಿಂದ (ಇಂದಿನ ಬಾಂಗ್ಲಾದೇಶ) ಬಂದ ನಿರಾಶ್ರಿತರಿಂದ ತುಂಬಿಹೋಗಿದ್ದ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಹಾಕುವ ಸಲೈನ್ ಮುಗಿಯುತ್ತ ಬಂದಾಗ, ಮಕ್ಕಳ ವೈದ್ಯ ದಿಲೀಪ್ ಮಹಾಲನಬಿಸ್ ಅವರು ಉಪ್ಪು, ಗ್ಲೂಕೋಸ್ ಮತ್ತು ಅಡುಗೆ ಸೋಡಾವನ್ನು ತೂಗಿ ಬೆರೆಸಿದ ದ್ರಾವಣವನ್ನು ಪೀಪಾಯಿಗಳಲ್ಲಿ ತುಂಬಿಸಿಟ್ಟು, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಶೇ. 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇ. 3.6ಕ್ಕೆ ಇಳಿಯಿತು. ಆ ದ್ರಾವಣವನ್ನು ಮೊದಲು ಕಂಡುಹಿಡಿದವರು ಅವರಲ್ಲ. ತರಬೇತಿಯಿಲ್ಲದವರೂ ಅದನ್ನು ನಂಬಿಕೆಯಿಂದ ಕೊಡಬಲ್ಲರೆಂದು ಸಾಬೀತುಪಡಿಸಿದ್ದೇ ಅವರ ನಿಜವಾದ ಸಾಧನೆ ಎಂಬುದು ನನ್ನ ಎಣಿಕೆ.

ಔಷಧದಂಗಡಿಯಲ್ಲೋ ಆಶಾ ಕಾರ್ಯಕರ್ತೆಯರ ಬಳಿಯೋ ಸಿಗುವ, ಇಂಥದೇ ದ್ರಾವಣಕ್ಕೆ ಬೇಕಾದ ಪುಡಿಯಿರುವ ಓಆರ್‌ಎಸ್ ಪೊಟ್ಟಣವೇ ಮೊದಲ ಆಯ್ಕೆಯಾಗಿರಲಿ. ಪೊಟ್ಟಣದ ಮೇಲೆ ಬರೆದಷ್ಟೇ ನೀರು ಬೆರೆಸಬೇಕು. ಪೊಟ್ಟಣ ಸಿಗದಿದ್ದರೆ, ಕುದಿಸಿ ಆರಿಸಿದ 1 ಲೀಟರ್ ನೀರಿಗೆ, 5 ಮಿ.ಲೀ. ಹಿಡಿಯುವ ಟೀ ಚಮಚದಲ್ಲಿ 6 ಚಮಚ ಸಕ್ಕರೆ ಮತ್ತು ಅರ್ಧ ಚಮಚ ಉಪ್ಪನ್ನು, ರಾಶಿಯಾಗದಂತೆ ಸಮತಟ್ಟಾಗಿ ಅಳೆದು, ಪೂರ್ತಿ ಕರಗುವವರೆಗೆ ಕದಡಬೇಕು. ರುಚಿ ನೋಡಿದಾಗ ಕಣ್ಣೀರಿಗಿಂತ ಹೆಚ್ಚು ಉಪ್ಪೆನಿಸಿದರೆ ಚೆಲ್ಲಿ ಹೊಸದಾಗಿ ಮಾಡಬೇಕು.

ಅಳತೆಯ ವಿಷಯದಲ್ಲಿ ಇಷ್ಟು ಹಟ ಏಕೆಂದರೆ, ಸಣ್ಣ ಕರುಳು ಗ್ಲೂಕೋಸನ್ನೂ ಸೋಡಿಯಮ್ಮನ್ನೂ ಜೊತೆಯಾಗಿ ಹೀರಿಕೊಳ್ಳುತ್ತದೆ, ಅವುಗಳ ಹಿಂದೆಯೇ ನೀರೂ ಒಳಸೇರುತ್ತದೆ. ಕಾಲರಾದಲ್ಲೂ ಈ ವ್ಯವಸ್ಥೆ ಕೆಡುವುದಿಲ್ಲ. ಸಕ್ಕರೆ ಅತಿಯಾದರೆ ಅದು ನೀರನ್ನು ಕರುಳಿಗೇ ಸೆಳೆದು ಭೇದಿಯನ್ನು ಹೆಚ್ಚಿಸುತ್ತದೆ, ಉಪ್ಪು ಅತಿಯಾದರೆ ಮಗುವಿಗೆ ಅಪಾಯ. ತಂಪುಪಾನೀಯಗಳು ಇದಕ್ಕೆ ಬದಲಿಯಲ್ಲ, ಜಾಹೀರಾತು ಏನೇ ಹೇಳಲಿ.

ಪ್ರತಿ ಸಲ ಭೇದಿಯಾದ ಮೇಲೆ 2 ವರ್ಷದೊಳಗಿನ ಮಗುವಿಗೆ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿ.ಲೀ. ಕೊಡಬೇಕು. ವಾಂತಿಯಾದರೆ 10 ನಿಮಿಷ ತಡೆದು, ಚಮಚದಲ್ಲಿ ಸ್ವಲ್ಪಸ್ವಲ್ಪವೇ ಮುಂದುವರಿಸಬೇಕು. ಎದೆಹಾಲನ್ನೂ ಊಟವನ್ನೂ ನಿಲ್ಲಿಸಬಾರದು. 24 ಗಂಟೆ ಕಳೆದ ದ್ರಾವಣವನ್ನು ಚೆಲ್ಲಬೇಕು.

ಕಣ್ಣು ಗುಳಿಬಿದ್ದು ಮಗು ಮಂಕಾದರೆ, ಮೂತ್ರ ನಿಂತರೆ, ಮಲದಲ್ಲಿ ರಕ್ತ ಕಂಡರೆ ಅಥವಾ ಕುಡಿಯಲು ಆಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಕುಡಿಯಬಲ್ಲ ಮಗುವಿಗೆ ದಾರಿಯುದ್ದಕ್ಕೂ ದ್ರಾವಣ ಕೊಡುತ್ತಿರಬೇಕು.